ಕ್ಯಾಸಲ್‌ನಾಕ್‌ನ ರಾಣಿಗೆ ಒಂದು ಅಲ್ಪವಿರಾಮ

ಬೇಲಿಯ ಈಚೆ

ಐರ್ಲೆಂಡಿನಲ್ಲಿ ನಾನು ಕಣ್ಣಾರೆ ನೋಡಿದ್ದು ಇಷ್ಟೇ: ಒಂದು ಹಿತ್ತಲು, ಒಂದು ಅಂಗಡಿಯ ಸಾಲು, ಅರ್ಧ ಉದ್ಯಾನ. ಕಡಲಿಗೆ ಬೀಳುವ ಬಂಡೆಗಳು, ಕೋಟೆಗಳು, ಕುರಿ ಮೇಯುವ ಗುಡ್ಡಗಳು ಅಲ್ಲಿ ಇವೆಯಂತೆ. ಅಕ್ಕನ ಫ್ರಿಜ್ಜಿನ ಮೇಲಿನ ಅಯಸ್ಕಾಂತದ ಬಿಲ್ಲೆಗಳಲ್ಲಿ ಅವನ್ನು ದಿನಾ ನೋಡುತ್ತಿದ್ದೆ. ಡಬ್ಲಿನ್ನಿನ ಕ್ಯಾಸಲ್‌ನಾಕ್‌ನಲ್ಲಿರುವ ಅಕ್ಕನ ಮನೆಯಲ್ಲಿ ಮೂರು ವಾರ ಇದ್ದು ಬರುತ್ತೇನೆಂದು ಹುಬ್ಬಳ್ಳಿ ಬಿಟ್ಟಿದ್ದೆ. ಬಂದ ಹತ್ತನೇ ದಿನಕ್ಕೆ ಲೋಕದ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಮನೆಯಿಂದ ಎರಡು ಕಿಲೋಮೀಟರ್ ದಾಟಬಾರದು ಎಂದರು; ಆಮೇಲೆ ಔದಾರ್ಯ ತೋರಿಸಿ ಐದು ಎಂದರು.

ಅಕ್ಕ ನಸೀಮಾ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದವಳು ಪಕ್ಕದ ಬಾಗಿಲಿನಿಂದ ಒಳನುಗ್ಗಿ, ಯಾರ ಮುಖವನ್ನೂ ನೋಡದೆ ಸೀದಾ ಬಚ್ಚಲಿಗೆ ಹೋಗುತ್ತಿದ್ದಳು. ನೀರು ಬೀಳುವ ಸದ್ದಿನ ನಡುವೆ ಕೆಮ್ಮು ಕೇಳುತ್ತದೇನೋ ಎಂದು ನಾನು, ಭಾವ, ಅವರ ಎಂಟು ವರ್ಷದ ಮಗಳು ಜೋಯಾ ಮೂವರೂ ಕಿವಿಯಾಗಿ ಕೂರುತ್ತಿದ್ದೆವು. ಕೇಳಿಸಿಕೊಳ್ಳುತ್ತಿಲ್ಲ ಎಂದು ನಟಿಸುತ್ತಲೂ ಇದ್ದೆವು. ನಟನೆಯೇ ನನ್ನ ಹೊಟ್ಟೆಪಾಡು, ಆದರೂ ಮೂವರಲ್ಲಿ ಕಳಪೆ ನಾನೇ.

ಹೊಟ್ಟೆಪಾಡಿನ ವಿಷಯ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಒಂದು ಮದುವೆ ಆರ್ಕೆಸ್ಟ್ರಾದಲ್ಲಿ ನಾನು ಮಿಮಿಕ್ರಿಯವನು. ನನ್ನನ್ನು ನೋಡಲು ಯಾರೂ ಬರುವುದಿಲ್ಲ. ಹಾಡುಗಾರ್ತಿಗೆ ಗಂಟಲು ಹಿಡಿದರೆ, ಉಸಿರು ತಪ್ಪಿದರೆ, ಆಕೆ ಕಿವಿಯೋಲೆ ಮುಟ್ಟಿಕೊಳ್ಳುತ್ತಾಳೆ. ಅದೇ ಕ್ಷಣಕ್ಕೆ ನಾನು ಮೈಕಿಗೆ ಹಾರಿ ರೈಲು ಬಿಡಬೇಕು, ಕೋಳಿ ಕೂಗಬೇಕು, ಇಲ್ಲವೇ ‘ವ್ಹಾ ವ್ಹಾ, ಕ್ಯಾ ಬಾತ್ ಹೈ’ ಎಂದು ಅಬ್ಬರಿಸಬೇಕು. ಆಕೆ ನೀರು ಕುಡಿಯುತ್ತಾಳೆ, ಜನ ನಗುತ್ತಾರೆ, ಹಾಡು ಹರಿದದ್ದು ಯಾರಿಗೂ ತಿಳಿಯುವುದಿಲ್ಲ. ಹರಿದಲ್ಲಿ ತೇಪೆ ಹಾಕುವವನು ನಾನು. ಹಾಗಾಗಿ ಹಾಡುವವರ ಮುಖಕ್ಕಿಂತ ಅವರ ಭುಜ ನೋಡುವ ಚಾಳಿ. ಉಸಿರು ತಪ್ಪುವುದು ಮೊದಲು ಭುಜಕ್ಕೆ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಬೇಲಿಯಾಚೆಯಿಂದ ಹೆಣ್ಣುದನಿಯೊಂದು ಎದ್ದಿತು. ಮೈಕಿಲ್ಲ, ಸ್ಪೀಕರಿಲ್ಲ, ಆದರೂ ಅಡುಗೆಮನೆಯ ಸ್ಟೀಲ್ ಲೋಟ ಜುಂ ಎಂದಿತು. ದನಿ ಏರಿತು, ಏರಿತು, ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಒಣಕಡ್ಡಿಯಂತೆ ಮುರಿಯಿತು. ಮತ್ತೆ ಮೊದಲಿನಿಂದ. ಅದೇ ಜಾಗದಲ್ಲಿ ಮತ್ತೆ ಮುರಿಯಿತು. ಐದನೇ ಸಲಕ್ಕೆ ನನ್ನ ಬಾಯಿ ಸುಮ್ಮನಿರಲಿಲ್ಲ. ದನಿಯನ್ನಲ್ಲ, ಅದಕ್ಕೆ ನನ್ನಂಥ ಹತ್ತು ಗಂಟಲು ಸೇರಿಸಿ ಹೊಲಿದರೂ ಸಾಲದು. ಅದು ಮುರಿಯುವ ರೀತಿಯನ್ನು ಮಾತ್ರ ಗಟ್ಟಿಯಾಗಿ ಅಣಕಿಸಿದೆ.

ಬೇಲಿಯ ಮೇಲೆ ಒಂದು ತಲೆ ಮೂಡಿತು. ಬಿಳಿಗೂದಲನ್ನು ಗಂಟುಕಟ್ಟಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಹೆಂಗಸು. ಅಗಲ ಭುಜ. ಬೆರಳಿಗೆ ಆಮ್ಲಜನಕದ ಮಟ್ಟ ತೋರಿಸುವ ಪುಟ್ಟ ಕ್ಲಿಪ್ಪು.

“ಯಾರದು?”

“ಕಾಗೆ,” ಎಂದೆ.

“ಇಲ್ಲಿನ ಕಾಗೆಗಳು ಇಷ್ಟು ಸರಿಯಾಗಿ ಉಸಿರು ಕಳ್ಕೊಳ್ಳಲ್ಲ. ಇನ್ನೊಂದ್ಸಲ ಮಾಡು.”

ಮಾಡಿದೆ. ಆಕೆ ಕಣ್ಣು ಮುಚ್ಚಿ ಕೇಳಿಸಿಕೊಂಡರು. ನಗಲಿಲ್ಲ, ಬೈಯಲೂ ಇಲ್ಲ. “ಮುರಿಯೋದು ಅಲ್ಲಿ ಅಂತ ನಂಗೆ ಗೊತ್ತಿರ್ಲಿಲ್ಲ. ಇನ್ನೂ ಮುಂದೆ ಮುರೀತಿದೆ ಅಂದ್ಕೊಂಡಿದ್ದೆ. ನಾಳೆ ಹನ್ನೊಂದಕ್ಕೆ ಬರ್ತೀಯಾ, ಕಾಗೆ?”

ಸಂಜೆ ಅಕ್ಕ ಹಣೆ ಚಚ್ಚಿಕೊಂಡಳು. “ಯಾರನ್ನ ಅಣಕಸಾಕತ್ತಿ ಗೊತ್ತೇನಲೇ ಇಮ್ತೂ? ಡಿಯರ್ಡ್ರಾ ಅಂದ್ರ ಇಲ್ಲಿ ದೊಡ್ಡ ಆಪೆರಾ ಹಾಡಗಾರ್ತಿ. ಡ್ರಾಮ್ಯಾಟಿಕ್ ಸೊಪ್ರಾನೊ. ಎಂಬತ್ತ ವಾದ್ಯ ಒಮ್ಮೆಲೆ ಬಾರ್ಸಿದ್ರೂ ಮೈಕಿಲ್ದ ಆಕಿ ದನಿ ಮ್ಯಾಲೆ ಬರ್ತದ. ಬರ್ತಿತ್ತು. ಈ ಜಡ್ಡು ಬಂದು ಮೂರು ವಾರ ಆಸ್ಪತ್ರ್ಯಾಗ ಇದ್ದು ಬಂದಾಳ. ಹೋದ ತಿಂಗಳ ಮೆಟ್ಟಲ ಹತ್ತಾಕೂ ಆಗ್ತಿರಲಿಲ್ಲ ಆಕಿಗೆ.”

“ಮಾಮಾ, ದ್ಯಾಟ್ಸ್ ಸೋ ಮೀನ್,” ಎಂದಳು ಜೋಯಾ, ಅಪ್ಪಟ ಡಬ್ಲಿನ್ ಮೂಗಿನಲ್ಲಿ. ಅವಳ ಆ ಮೂಗನ್ನೂ ಆ ರಾತ್ರಿ ಅಣಕಿಸಲು ಮನಸ್ಸಾಗಲಿಲ್ಲ.

ಬ್ಲಾಂಚರ್ಡ್ಸ್‌ಟೌನಿನ ಸಾಲು

ಆಮೇಲೆ ಪ್ರತಿ ಬೆಳಿಗ್ಗೆ ನಾನು ಬೇಲಿಯ ಈಚೆ ಕನ್ನಡಿಯಾದೆ. ಆಕೆ ಹಾಡುವುದು, ನಾನು ಮುರಿದ ಜಾಗವನ್ನು ತೋರಿಸುವುದು. ಹಾಡು ಒಬ್ಬ ರಾಣಿಯದು. ನಂಬಿದ ಗಂಡ ಕೈಬಿಟ್ಟ ಮೇಲೆ ಕೋಟೆಯ ಬುರುಜಿನಲ್ಲಿ ನಿಂತು ಮೊದಲು ಶಪಿಸುತ್ತಾಳೆ, ಆಮೇಲೆ ಕ್ಷಮಿಸುತ್ತಾಳೆ. ಶಾಪವೆಲ್ಲ ತಳದ ಸ್ವರಗಳಲ್ಲಿ. ಕ್ಷಮೆಗೆ ಬರುವಾಗ ಉದ್ದನೆಯ ಒಂದು ಸಾಲು, ನಡುವೆ ಎಲ್ಲೂ ಉಸಿರೆಳೆಯುವಂತಿಲ್ಲ; ಅದರ ಕೊನೆಗೆ ನೆಲಮಾಳಿಗೆಯಿಂದ ಮೆಟ್ಟಿಲಿಲ್ಲದೆ ಅಟ್ಟಕ್ಕೆ ನೆಗೆದ ಹಾಗೆ ಒಂದು ಎತ್ತರದ ಸ್ವರ. ಮುರಿಯುತ್ತಿದ್ದದ್ದು ನೆಗೆತದಲ್ಲಲ್ಲ. ಅದಕ್ಕೆ ಸ್ವಲ್ಪ ಮೊದಲು, ಸಾಲು ಮುಗಿಯುವಲ್ಲಿ.

ಆ ವಾರ ಸಾಮಾನು ತರಲು ಪಕ್ಕದ ಬ್ಲಾಂಚರ್ಡ್ಸ್‌ಟೌನಿಗೆ ಹೋದೆ. ಅಂಗಡಿಯ ಹೊರಗೆ ನೆಲದ ಮೇಲೆ ಹಳದಿ ವೃತ್ತಗಳು, ಎರಡೆರಡು ಮೀಟರಿಗೆ ಒಂದು, ಒಂದಕ್ಕೆ ಒಬ್ಬರು. ನಮ್ಮೂರಲ್ಲಿ ಸಾಲೆಂದರೆ ಮುಂದಿನವನ ಬೆನ್ನ ಬೆವರು. ಇಲ್ಲಿ ಒಬ್ಬೊಬ್ಬರೂ ಒಂದೊಂದು ದ್ವೀಪ. ಗುಟ್ಟು ಮಾತಾಡಬೇಕಾದರೂ ಕೂಗಬೇಕು, ಇಡೀ ಸಾಲಿಗೆ ಕೇಳುತ್ತದೆ. ನನ್ನ ಮುಂದಿನ ಎರಡು ದ್ವೀಪಗಳಲ್ಲಿ ಒಬ್ಬ ಟೋಪಿಯ ಅಜ್ಜ, ಒಬ್ಬ ಕೊಡೆಯ ಅಜ್ಜಿ. ಜಗಳ ಜೋರಾಗಿತ್ತು.

ಅವರು ಜಗಳವಾಡಿದ್ದು ಇಂಗ್ಲಿಷಿನಲ್ಲೇ. ಆದರೆ ದಕ್ಷಿಣದ ಕಾರ್ಕ್ ಕಡೆಯ ಆ ಅಜ್ಜನ ಇಂಗ್ಲಿಷು ಏರಿ ಇಳಿಯುವ ಧಾಟಿ ಥೇಟ್ ನಮ್ಮ ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯದು. ಅದನ್ನು ಬೇರೆ ಕನ್ನಡದಲ್ಲಿ ಹೇಳಲು ನನ್ನ ನಾಲಿಗೆ ಒಪ್ಪುವುದಿಲ್ಲ.

“ಮೂವತ್ತ ವರ್ಷದ ಹಿಂದ ಅವತ್ತ ಆ ಹಾಡಗಾರ್ತಿ ಎರಡ ಸಲ ಉಸರ ತಗೊಂಡ್ಳು ನೋರೀನ್. ಎರಡ ಸಲ! ನಾ ಎಣಸೇನಿ.”

“ಒಮ್ಮೆ ಮಾತ್ರ, ಫಿನ್‌ಬಾರ್. ಎರಡನೆಯದು ನಿಮ್ಮ ಪಕ್ಕದವರ ಗೊರಕೆ.”

“ನನ್ನ ಬಾಜೂಕ ಕುಂತಾವ ನಮ್ಮಣ್ಣ! ಸತ್ತ ಹೋಗ್ಯಾನ, ಅವನ ಮ್ಯಾಲೆ ಹಾಕಬ್ಯಾಡ.”

“ಬದುಕಿದ್ದಾಗ ಗೊರಕೆ ಹೊಡೆಯುತ್ತಿದ್ದರಲ್ಲ.”

ಸಾಲಿನ ಕೊನೆಯ ದ್ವೀಪದಿಂದ ಯಾರೋ ಹೆಂಗಸು ಕೂಗಿದರು: “ಇಬ್ಬರದೂ ತಪ್ಪು! ಅವತ್ತು ಆಕೆಗೆ ಜ್ವರ. ಹಾಡಿದ್ದು ಬದಲಿಯವಳು!”

ಯಾರೋ ಹಾಡುಗಾರ್ತಿ ಮೂವತ್ತು ವರ್ಷ ಹಿಂದೆ ಒಂದು ಸಂಜೆ ಎಳೆದ ಒಂದು ಉಸಿರಿಗೆ ಇಷ್ಟು ಪಂಚಾಯಿತಿ. ನಗು ತಡೆಯಲಾಗದೆ ಮಾಸ್ಕಿನೊಳಗೆ ಗೊರಕೆ ಹೊಡೆದು ತೋರಿಸಿದೆ. ಫಿನ್‌ಬಾರ್ ಗಕ್ಕನೆ ತಿರುಗಿ, “ಹಂಗಲ್ಲ. ಅವಂದು ಇನ್ನೂ ದಪ್ಪ,” ಎಂದು ತಿದ್ದಿದರು. ಆಮೇಲೆ ನೋರೀನ್ ಆಡಿದ ಮಾತಿಗೆ ನನ್ನ ನಗು ಮಾಸ್ಕಿನೊಳಗೇ ಉಳಿಯಿತು.

“ಶನಿವಾರ ಡಿಯರ್ಡ್ರಾಳ ಹಿತ್ತಲಿನಲ್ಲಿಯೂ ಹೀಗೆಯೇ ಎಣಿಸಬೇಕು. ಆ ಹಾಡನ್ನು ಇಪ್ಪತ್ತೆರಡು ವರ್ಷ ಕೇಳಿದ್ದೇವೆ. ಕನಿಕರ ತೋರಿಸಿದರೆ ಅವಳಿಗೆ ಅವಮಾನ. ದನಿ ಇಲ್ಲವೆಂದರೆ ಇಲ್ಲವೆಂದೇ ಹೇಳಬೇಕು.”

“ಹೇಳೂದ,” ಎಂದರು ಫಿನ್‌ಬಾರ್. ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. “ನನಗ ನಿದ್ದಿ ಬರವಲ್ದು ನೋರೀನ್.”

ಕೈಯಲ್ಲಿದ್ದ ಪಟ್ಟಿಯನ್ನು ಎಷ್ಟು ಹಿಸುಕಿದ್ದೆನೆಂದರೆ ಮೊಟ್ಟೆಯೋ ಮೊಸರೋ ಓದಲಾಗಲಿಲ್ಲ. ಎರಡನ್ನೂ ಮರೆತು ಮನೆಗೆ ಬಂದೆ.

ಫೀನಿಕ್ಸ್ ಪಾರ್ಕ್

ಅಕ್ಕನಿಗೆ ರಜೆ ಇದ್ದ ದಿನ ನಾನು, ಅವಳು, ಡಿಯರ್ಡ್ರಾ ಮೂವರೂ ಉದ್ಯಾನಕ್ಕೆ ನಡೆದೆವು. ಡಿಯರ್ಡ್ರಾ ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆಯುವುದು, ನಿಲ್ಲುವುದು. ಅಕ್ಕ ಬೆರಳಿನ ಕ್ಲಿಪ್ಪು ನೋಡುವುದು. ಜಿಂಕೆಗಳು ಮಾತ್ರ ಎರಡು ಮೀಟರಿನ ಕಾನೂನು ತಮಗಲ್ಲವೆಂದು ನಮ್ಮ ಮಧ್ಯೆಯೇ ಓಡಾಡಿದವು.

“ಸೆಪ್ಟೆಂಬರಲ್ಲಿ ಒಂದು ಹಳೇ ಕೋಟೆ ಅಂಗಳದಲ್ಲಿ ಹಾಡೋಕೆ ಕರೆದಿದ್ದಾರೆ,” ಎಂದರು ಡಿಯರ್ಡ್ರಾ. “ಬಯಲಲ್ಲಿ, ಕಡಿಮೆ ಜನಕ್ಕೆ. ಸೋಮವಾರದೊಳಗೆ ಹೂಂ ಅಥ್ವಾ ಊಹೂಂ ಬರೀಬೇಕು. ಶನಿವಾರ ಫಿನ್‌ಬಾರ್, ನೋರೀನ್ ಕೇಳೋಕೆ ಬರ್ತಾರೆ, ನನ್ನ ಹಳೇ ಕೇಳುಗರು. ಅವರಿಬ್ಬರು ಊಹೂಂ ಅಂದ್ರೆ ಊಹೂಂ.”

“ಮುಂದಿನ ವರ್ಷ ಹಾಡಿದ್ರಾಯ್ತಲ್ಲ?”

“ಇಲ್ಲ. ಪೂರ್ತಿ ಬಿಡ್ತೀನಿ.”

“ಅವರ್ಯಾಕೆ ಹೇಳ್ಬೇಕು? ನಿಮ್ಮ ಕಿವಿ ಏನನ್ನುತ್ತೆ?”

“ನನ್ನ ಕಿವಿ ನನ್ನ ಗಂಟಲಿಗೆ ತೀರಾ ಹತ್ತಿರದ ನೆಂಟ. ನಿಜ ಹೇಳಲ್ಲ.”

ನಮ್ಮ ಕಡೆ ಕೇಳುವ ರೀತಿಯನ್ನು ಹೇಳಿದೆ. ಧಾರವಾಡದ ಮೆಹಫಿಲ್‌ಗೆ ಅಪ್ಪ ಕರೆದೊಯ್ಯುತ್ತಿದ್ದರು. ಅಲ್ಲಿ ಕೇಳುವವರು ಸುಮ್ಮನೆ ಕೂತರೆ ಹಾಡುವವರಿಗೆ ಸಂಶಯ ಬರುತ್ತದೆ. ಒಂದು ಸ್ವರ ಹಿಡಿದರೆ ಹತ್ತು ‘ವ್ಹಾ’ ಏಳುತ್ತವೆ. ಹಾಡುವವರು ಆ ‘ವ್ಹಾ’ದ ಮೇಲೆ ಕಾಲಿಟ್ಟೇ ಮುಂದಿನ ಮೆಟ್ಟಿಲು ಹತ್ತುತ್ತಾರೆ. ಡಿಯರ್ಡ್ರಾ ಆಸೆಯಿಂದ ಕೇಳಿಸಿಕೊಂಡರು. ಇಲ್ಲಿ ಹಾಡು ಮುಗಿಯುವವರೆಗೆ ಪಿಟ್ಟೆನ್ನುವಂತಿಲ್ಲವಂತೆ. ಕೆಮ್ಮು ಬಂದರೂ ವಿರಾಮದವರೆಗೆ ಹಿಡಿದಿಡುತ್ತಾರಂತೆ. ಎಲ್ಲ ಮುಗಿದ ಮೇಲೆ ಚಹಾ ಕುಡಿಯುತ್ತಾ ಹಾಡಿನ ಹೆಣ ಕುಯ್ಯುತ್ತಾರೆ.

ಧೈರ್ಯ ಮಾಡಿ ನನ್ನ ಕಸುಬಿನ ಉಪಾಯವನ್ನು ಮುಂದಿಟ್ಟೆ. “ಉಸಿರು ಹೋಗ್ತಿದೆ ಅನ್ನಿಸಿದ್ರೆ ಕಿವಿ ಮುಟ್ಕೊಳಿ. ಉಳಿದದ್ದು ನಾನು ನೋಡ್ಕೋತೀನಿ.”

ಆಕೆ ನಿಂತರು. “ಬೇಡ. ಅವರು ಬರ್ತಿರೋದು ನನ್ನನ್ನ ತೂಗೋಕೆ. ತಕ್ಕಡಿ ಕೆಳಗೆ ಬೆರಳಿಡ್ಬೇಡ.”

“ಇಡಲ್ಲ. ದೇವರಾಣೆ.”

“ಇವನ ಆಣಿ ನಂಬಬ್ಯಾಡ್ರಿ,” ಎಂದಳು ಅಕ್ಕ.

ಶನಿವಾರ, ಹಿತ್ತಲು

ಆರು ಜನ ಮೀರಬಾರದು, ನಾವು ಐವರು. ಅಕ್ಕ ಟೇಪು ಹಿಡಿದು ಕುರ್ಚಿ ಹಾಕಿಸಿದಳು. ಹಾಡುವವರಿಂದ ಎರಡು ಮೀಟರ್ ಸಾಲದು, ಐದು ಬೇಕು, ಅದೂ ಗಾಳಿ ಬರುವ ದಿಕ್ಕಿಗೆ. ಬೆರಳು ಒದ್ದೆ ಮಾಡಿ ಗಾಳಿ ನೋಡಿದಳು. ಡಬ್ಲಿನ್ನಿನ ಗಾಳಿ ಒಂದು ಮಾತಿಗೆ ನಿಲ್ಲುವಂಥದ್ದಲ್ಲ. ಮೂರು ಸಲ ಕುರ್ಚಿ ಹೊತ್ತು ಹಿತ್ತಲು ಸುತ್ತಿದೆವು. ನಾಲ್ಕನೇ ಸಲಕ್ಕೆ ಫಿನ್‌ಬಾರ್, “ಜಡ್ಡಲೆ ಸಾಯೂದಕ್ಕಿಂತ ಕುರ್ಚಿ ಹೊತ್ತ ಸಾಯ್ತೀನಿ ತಂಗಿ,” ಎಂದರು.

ಕೂರುವ ಕ್ರಮವೂ ವಿಚಿತ್ರ. ಫಿನ್‌ಬಾರ್ ಹಾಡುವವರಿಗೆ ಬೆನ್ನು ಮಾಡಿ, ಗೋಡೆ ನೋಡುತ್ತಾ ಕೂತರು. ಇಪ್ಪತ್ತೆರಡು ವರ್ಷದಿಂದ ಹೀಗೆಯೇ ಅಂತೆ. ರಂಗಮಂದಿರದಲ್ಲಾದರೆ ಕಣ್ಣಿಗೆ ಕರವಸ್ತ್ರ. “ಕಣ್ಣು ದಯಾ ತೋರಸ್ತಾವ. ಕಿವಿ ತೋರ್ಸಂಗಿಲ್ಲ.” ನೋರೀನ್ ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ತೊಡೆಯ ಮೇಲೆ ಹಾಡಿನ ಸ್ವರಲಿಪಿ, ಕೈಯಲ್ಲಿ ಪೆನ್ಸಿಲ್. ತಲೆ ಎತ್ತುವುದೇ ಇಲ್ಲ. ಅಕ್ಕ ಒದ್ದೆ ಬೆರಳೆತ್ತಿಕೊಂಡು ಗಾಳಿಯ ಕಾವಲಿಗೆ ನಿಂತಳು. ಹಾಗಾಗಿ ಅಲ್ಲಿ ಡಿಯರ್ಡ್ರಾರ ಭುಜ ನೋಡುತ್ತಿದ್ದವನು ನಾನೊಬ್ಬನೇ.

ಪಿಯಾನೋ ನುಡಿಸುವವರು ಬರುವಂತಿರಲಿಲ್ಲ. ಕಿಟಕಿಯಲ್ಲಿಟ್ಟ ಸ್ಪೀಕರಿನಿಂದ ಮುದ್ರಿಸಿದ ಪಿಯಾನೋ ಶುರುವಾಯಿತು. ರಾಣಿ ಶಪಿಸಿದಳು. ಆ ತಳದ ಸ್ವರಗಳಿಗೆ ನನ್ನ ಕುರ್ಚಿಯ ಕಾಲುಗಳೇ ನಡುಗಿದವು. ನೋರೀನರ ಪೆನ್ಸಿಲ್ ಅಲುಗಲಿಲ್ಲ, ಎಂದರೆ ತಪ್ಪಿಲ್ಲ. ಆಮೇಲೆ ಕ್ಷಮೆಯ ಆ ಉದ್ದನೆಯ ಸಾಲು ಬಂತು. ಮಾಸ್ಕು ಬಾಯಿಗೆ ಅಂಟಿತು. ಇನ್ನು ನಾಲ್ಕು ಸ್ವರ, ಮೂರು, ಎರಡು. ಭುಜ ಮೇಲಕ್ಕೆದ್ದಿತು. ಎದ್ದದ್ದು ಇಳಿಯಲಿಲ್ಲ. ತುಟಿ ತೆರೆದಿತ್ತು, ಒಳಗೆ ಏನೂ ಇರಲಿಲ್ಲ.

ಆಣೆ, ತಕ್ಕಡಿ, ಬೆರಳು ಯಾವುದೂ ನೆನಪಾಗಲಿಲ್ಲ. ನೆನಪಾಗುವ ಮೊದಲೇ ಎದ್ದು ನಿಂತು ಕೂಗಿಬಿಟ್ಟಿದ್ದೆ. “ವ್ಹಾ! ವ್ಹಾ ವ್ಹಾ! ಕ್ಯಾ ಬಾತ್ ಹೈ!”

ಎಲ್ಲಿಯೋ ನಾಯಿ ಬೊಗಳಿತು. ನೋರೀನರ ಪೆನ್ಸಿಲಿನ ಮೊನೆ ಮುರಿಯಿತು. ಪಿಯಾನೋ ಮಾತ್ರ ಏನೂ ಆಗಿಲ್ಲವೆಂಬಂತೆ ಇಲ್ಲದ ರಾಣಿಯ ಹಿಂದೆ ನುಡಿಯುತ್ತಲೇ ಹೋಯಿತು. ನಮ್ಮ ಮನೆಯ ಮಾಳಿಗೆಯ ಕಿಟಕಿ ತೆರೆದು ಭಾವ ಇಣುಕಿದರು. “ಇಮ್ತೂ, ಸ್ವಲ್ಪ ಕಡ್ಮೆ ಮಾಡಪ್ಪ! ಕಾಲ್‌ನಲ್ಲಿದ್ದೀನಿ, ಯಾರಿಗೆ ಏನಾಯ್ತು ಅಂತ ಎಲ್ರೂ ಕೇಳ್ತಿದ್ದಾರೆ!”

“ಯಾರಲೇ ಅವ!” ಫಿನ್‌ಬಾರ್ ಗೋಡೆಗೇ ಬೈದರು. “ತಿಂಗಳಗಟ್ಟಲೆ ಕಾದ ಒಂದ ಹಾಡು ಕೇಳೂಣಂದ್ರ!”

“ಮೂರ್ಖತನ,” ಎಂದರು ನೋರೀನ್. “ಈ ಹುಡುಗ ಕೆಡಿಸಿಬಿಟ್ಟ. ಇದನ್ನು ನಾವು ತೀರ್ಪಿಗೆ ತೆಗೆದುಕೊಳ್ಳಲಾಗದು, ಡಿಯರ್ಡ್ರಾ.”

ಮೋರೆ ಸಪ್ಪಗೆ ಮಾಡಿ ತಲೆ ತಗ್ಗಿಸಿದೆ. ಒಳಗೊಳಗೆ ಮಾತ್ರ ಹಿಗ್ಗು. ತೇಪೆ ನಿಂತಿತ್ತು. ಹರಿದದ್ದು ಯಾರಿಗೂ ಕಂಡಿರಲಿಲ್ಲ. ಬೈಗಳೇನು, ಹುಬ್ಬಳ್ಳಿಯಲ್ಲಿ ಇದಕ್ಕಿಂತ ರುಚಿಯಾದದ್ದನ್ನು ತಿಂದಿದ್ದೇನೆ. ಡಿಯರ್ಡ್ರಾ ಈಗ ಸುಮ್ಮನಿದ್ದರೆ ಸಾಕಿತ್ತು.

ಅವರು ಹೋಗಿ ಸ್ಪೀಕರ್ ಆರಿಸಿದರು.

“ಅವನು ಕೆಡಿಸಲಿಲ್ಲ. ಅವನು ಕೂಗೋಕೆ ಮುಂಚೆನೇ ನನ್ನ ಉಸಿರು ಹೋಗಿತ್ತು.”

ನೋರೀನ್, ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ, “ಎಲ್ಲಿ?” ಎಂದರು.

“ಕೊನೇ ಎರಡು ಸ್ವರಕ್ಕೆ ಮುಂಚೆ. ದಿನಾ ಅಲ್ಲೇ. ಇವನಿಗೆ ಗೊತ್ತು.” ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ಬೆರಳು ಇಡ್ಬೇಡ ಅಂದಿದ್ನಲ್ಲ?”

ತಲೆಯಾಡಿಸಿದೆ.

ಅಕ್ಕ ಕ್ಲಿಪ್ಪು ನೋಡಿದಳು. “ಕೂಡ್ರಿ. ನಂಬರ್ ಮ್ಯಾಲೆ ಬರೂತನ ಹಾಡಿಲ್ಲ, ಗೀಡಿಲ್ಲ. ರಾಣಿ ಇರ್ಲಿ, ಯಾರರೇ ಇರ್ಲಿ.” ಇಷ್ಟನ್ನೂ ಆಕೆ ಕನ್ನಡದಲ್ಲೇ ಅಂದಳು, ಗಾಬರಿಗೆ. ಎಲ್ಲರಿಗೂ ಅರ್ಥವಾಯಿತು. ಡಿಯರ್ಡ್ರಾ ಮೆಟ್ಟಿಲ ಮೇಲೆ ಕೂತರು. ಐವರೂ ಒಂದು ಬೆರಳನ್ನು ನೋಡುತ್ತಾ ಕಾದೆವು. ಕಾಯುವಾಗ ನನಗೆ ಬಚ್ಚಲಿನ ನೀರಿನ ಸದ್ದು ಕೇಳಿದಂತಾಗುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ನಂಬರ್ ಏರಿತು, ಅಕ್ಕ ಹೂಂ ಎಂದು ತಲೆಯಾಡಿಸಿದಳು. ಡಿಯರ್ಡ್ರಾ ಎದ್ದರು. “ಪಿಯಾನೋ ಬೇಡ. ಅದು ನನಗೋಸ್ಕರ ಕಾಯಲ್ಲ.”

ಆಗ ಫಿನ್‌ಬಾರ್ ಎದ್ದರು. ಕುರ್ಚಿಯ ಬೆನ್ನು ಹಿಡಿದು, ನೆಲಕ್ಕೆ ಕರಕರ ಎಳೆದು, ತಿರುಗಿಸಿದರು. ಹಾಡುಗಾರ್ತಿಯ ಎದುರಿಗೆ ಕೂತರು.

“ಇದನ್ನ ನೋಡಬೇಕಾತು,” ಎಂದರು.

ನಾನು ಎರಡೂ ಕೈ ತೊಡೆಯ ಕೆಳಗಿಟ್ಟು ಕೂತೆ. ರಾಣಿ ಮತ್ತೆ ಶಪಿಸಿದಳು; ಈ ಸಲ ಅವಸರವಿಲ್ಲದ ಶಾಪ. ಆ ಸಾಲು ಬಂತು. ಭುಜ ಏಳತೊಡಗಿತು. ನಾಲಿಗೆ ಕಚ್ಚಿಕೊಂಡೆ. ಡಿಯರ್ಡ್ರಾ ಹಾಡು ನಿಲ್ಲಿಸಿದರು. ಎಲ್ಲರೆದುರು, ಎಲ್ಲರಿಗೂ ಕೇಳುವಂತೆ ಉಸಿರೆಳೆದರು. ಅಡಗಿಸಲಿಲ್ಲ. ಬುರುಜಿನ ಮೇಲೆ ನಿಂತ ಹೆಂಗಸೊಬ್ಬಳು ಕ್ಷಮಿಸುವ ಮೊದಲು ಒಮ್ಮೆ ಯೋಚಿಸಿದ ಹಾಗಿತ್ತು. ಉಳಿದ ಎರಡು ಸ್ವರ ಹೇಳಿದರು, ನೆಗೆದರು. ಮೇಲಿನ ಸ್ವರ ಬಂತು. ಮೊದಲ ದಿನ ಲೋಟ ನಡುಗಿಸಿದ ದನಿಯಷ್ಟು ದೊಡ್ಡದಲ್ಲ. ಆದರೆ ಮುರಿಯಲಿಲ್ಲ. ಹಿತ್ತಲಿನ ಬೇಲಿ ದಾಟಿ, ಅಕ್ಕನ ಮನೆ ದಾಟಿ, ನಾನು ದಾಟಬಾರದ ಐದು ಕಿಲೋಮೀಟರನ್ನೂ ದಾಟಿ ಹೋಯಿತೇನೋ.

ಹಾಡು ಮುಗಿದ ಮೇಲೆ ಫಿನ್‌ಬಾರ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

“ಮೊದಲಿನ ದನಿ ಅಲ್ಲ ಇದು,” ಎಂದರು ಫಿನ್‌ಬಾರ್. “ಅದು ಹೋತು. ತಿರುಗಿ ಬರಂಗಿಲ್ಲ. ನಾ ಸುಳ್ಳ ಹೇಳಂಗಿಲ್ಲ ಡಿಯರ್ಡ್ರಾ.”

“ಗೊತ್ತು.”

“ಆ ಉಸಿರು ಸ್ವರಲಿಪಿಯಲ್ಲಿ ಇಲ್ಲ,” ಎಂದರು ನೋರೀನ್.

“ಅದೂ ಗೊತ್ತು.”

ನೋರೀನ್ ಮೊನೆ ಮುರಿದ ಪೆನ್ಸಿಲನ್ನು ನೋಡಿದರು. “ಯಾರಲ್ಲಾದರೂ ಪೆನ್ಸಿಲ್ ಇದೆಯೇ?”

ಡಿಯರ್ಡ್ರಾ ಕೂದಲಿನಿಂದ ಪೆನ್ಸಿಲ್ ಎಳೆದರು. ಬಿಳಿಗೂದಲು ಭುಜಕ್ಕೆ ಇಳಿಯಿತು. ಕೈಗೆ ಕೈ ತಾಕಬಾರದಲ್ಲ. ಅದನ್ನು ಗೋಡೆಯ ಮೇಲಿಟ್ಟು ಹಿಂದೆ ಸರಿದರು. ಅಕ್ಕ ಹೋಗಿ ಅದಕ್ಕೆ ಸ್ಯಾನಿಟೈಸರ್ ಸಿಂಪಡಿಸಿದಳು. ಅದು ಆರುವವರೆಗೆ, ಅಲ್ಲಾ, ಆ ಒಂದು ಪೆನ್ಸಿಲ್ ಆರುವವರೆಗೆ ಎಲ್ಲರೂ ಕಾದೆವು.

ನೋರೀನ್ ಅದನ್ನೆತ್ತಿಕೊಂಡು ಹಾಳೆಗೆ ಬಾಗಿದರು. ಸಾಲಿನ ಮೇಲೆ, ಕೊನೆಯ ಎರಡು ಸ್ವರಕ್ಕೆ ಮೊದಲು, ನಮ್ಮ ಅಲ್ಪವಿರಾಮದಂಥ ಒಂದು ಗುರುತು ಹಾಕಿದರು. ಉಸಿರೆಳೆಯುವ ಜಾಗಕ್ಕೆ ಅಲ್ಲಿ ಹಾಗೆಯೇ ಬರೆಯುತ್ತಾರೆ.

“ಈಗ ಇದೆ,” ಎಂದರು.

ಫಿನ್‌ಬಾರ್ ಕುರ್ಚಿ ಮಡಚಿದರು. “ಸೆಪ್ಟೆಂಬರಕ್ಕ ಕೋಟಿ ಅಂಗಳದಾಗ ಛಳಿ ಇರ್ತದ. ನಾ ಕಂಬಳಿ ತರ್ತೀನಿ.” ಗೇಟಿನಲ್ಲಿ ನಿಂತು ನನ್ನತ್ತ ಟೋಪಿ ತೋರಿಸಿದರು. “ಇವನ್ನ ಮಾತ್ರ ಕರಿಬ್ಯಾಡ್ರಿ.”

ವಿಮಾನ ನಿಲ್ದಾಣ

ಕರೆದರೂ ಹೋಗುವಂತಿರಲಿಲ್ಲ. ಮರುವಾರವೇ ಊರಿಗೆ ಹೊರಟ ವಿಮಾನದಲ್ಲಿ ನನಗೆ ಸೀಟು ಸಿಕ್ಕಿತು. ಬಿಳಿ ಪ್ಲಾಸ್ಟಿಕ್ ಅಂಗಿ, ಮಾಸ್ಕು, ಅದರ ಮೇಲೆ ಮುಖಕ್ಕೆ ಪಾರದರ್ಶಕ ಪರದೆ. ಸಾಲಿನಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಯಾರಾದರೂ ಗಂಟಲು ಸರಿಮಾಡಿಕೊಂಡರೆ ಇಡೀ ಸಾಲು ಬೆಚ್ಚುತ್ತಿತ್ತು. ಹಿಂದೆ ಬಿಟ್ಟುಬಂದ ಬಚ್ಚಲಿನ ನೀರಿನ ಸದ್ದನ್ನು ಇನ್ನು ಭಾವ, ಜೋಯಾ ಇಬ್ಬರೇ ಕೇಳಿಸಿಕೊಳ್ಳಬೇಕು. ಹುಬ್ಬಳ್ಳಿಯಲ್ಲಿ ಮದುವೆಗಳಿಲ್ಲ, ಆರ್ಕೆಸ್ಟ್ರಾ ಇಲ್ಲ. ತೇಪೆ ಹಾಕಲು ಹಾಡೇ ಇಲ್ಲದ ಊರಿಗೆ ಹೊರಟಿದ್ದೆ.

ಫೋನು ಮಿಡಿಯಿತು. ಡಿಯರ್ಡ್ರಾ ದನಿ ಮುದ್ರಿಸಿ ಕಳಿಸಿದ್ದರು. ಪರದೆಯ ಕೆಳಗೆ ಫೋನು ತೂರಿಸಿ ಕಿವಿಗೆ ಒತ್ತಿಕೊಂಡೆ.

“ಹೂಂ ಅಂತ ಬರೆದೆ, ಕಾಗೆ. ಇದನ್ನ ಅಣಕಿಸು ನೋಡೋಣ.”

ಆಮೇಲೆ ಹಾಡಿಲ್ಲ, ಮಾತಿಲ್ಲ. ಒಂದು ಉಸಿರು. ಆ ಸಾಲಿನ, ಆ ಗುರುತಿನ ಜಾಗದ ಉಸಿರು, ಪೂರ್ತಿ ಒಳಗೆ ಹೋದದ್ದು.

ಎರಡು ಸಲ ಕೇಳಿದೆ. ಮೂರನೇ ಸಲಕ್ಕೆ ಮಾಸ್ಕಿನೊಳಗೆ ಪ್ರಯತ್ನಿಸಿದೆ. ಎಳೆದದ್ದು ಸರಿಯಾಗಿಯೇ ಬಂತು. ಬಿಡುವಾಗ ಅದು ಬಿಕ್ಕಾಯಿತು. ಪರದೆಯ ತುಂಬ ಮಂಜು ಕವಿದು ಮುಂದಿನವರು ಕಾಣದಾದರು.

“ಹೋಗ್ರಿ ಮುಂದ,” ಎಂದಿತು ಹಿಂದಿನಿಂದ ನಮ್ಮ ಕಡೆಯ ದನಿಯೊಂದು.

“ಒಂದ ನಿಮಿಷ ತಡೀರಿ,” ಎಂದೆ. ಒಳಗಿನ ಮಂಜು, ಒರೆಸುವಂತಿರಲಿಲ್ಲ. ಅದು ತಾನಾಗಿಯೇ ಇಳಿಯಬೇಕಿತ್ತು.